ಇನ್ನೊಬ್ಬರ ಮನೆಗೆ ಹೋಗುವಾಗ: ಫೋನ್ ಮಾಡುವುದರಿಂದ ಡಬ್ಬಿ ವಾಪಸ್ ಕೊಡುವವರೆಗೆ

ಮೂರು ವರ್ಷದ ಹಿಂದೆ, ಒಂದು ಬುಧವಾರ ಮಧ್ಯಾಹ್ನ. ಯಾವುದೋ ಕೆಲಸಕ್ಕೆ ಹೋಗಿದ್ದವನು ಗೆಳೆಯನ ಅಪಾರ್ಟ್‌ಮೆಂಟ್ ಮುಂದೆಯೇ ಹಾದು ಬರುತ್ತಿದ್ದೆ. ಹೇಗೂ ಇಲ್ಲೇ ಇದ್ದೀನಲ್ಲ, ಒಂದ್ಸಲ ತಲೆ ಹಾಕಿ ಹೋಗೋಣ ಅನ್ನಿಸಿತು. ಗೇಟಿನಲ್ಲಿ ಹೆಸರು ಬರೆಸಿ ಮೇಲೆ ಹೋದೆ.

ಗೆಳೆಯ ಬಾಗಿಲು ತೆಗೆದ. ಮೇಲೆ ಇಸ್ತ್ರಿ ಮಾಡಿದ ಶರ್ಟು, ಕೆಳಗೆ ಚಡ್ಡಿ, ಕಿವಿಯಲ್ಲಿ ಇಯರ್‌ಫೋನು. ಮಾತಾಡಬೇಡ ಎಂದು ಬಾಯಿ ಮೇಲೆ ಬೆರಳಿಟ್ಟು ಸೋಫಾ ತೋರಿಸಿದ. ಅವನ ಹೆಂಡತಿ ಇನ್ನೊಂದು ರೂಮಿನಲ್ಲಿ ಇನ್ನೊಂದು ಮೀಟಿಂಗಿನಲ್ಲಿದ್ದರು. ಊಟ ಮಾಡಿ ಆಗ ತಾನೇ ಮಲಗಿದ್ದ ಅವನ ತಾಯಿ ಎದ್ದು ಬಂದರು. ಅವರಿಗೆ ಮಂಡಿ ನೋವು. ಗೋಡೆ ಹಿಡಿದುಕೊಂಡೇ ಅಡುಗೆಮನೆಗೆ ಹೋಗಿ ಹಾಲು ಕಾಯಿಸಲು ಇಟ್ಟರು. 'ಏನೂ ಬೇಡಮ್ಮ, ಸುಮ್ನೆ ಬಂದೆ' ಅಂದೆ. 'ಸುಮ್ನೆ ಬಂದ್ರೂ ಕಾಫಿ ಕುಡೀಬಾರ್ದು ಅಂತ ಏನಾದ್ರೂ ಇದೆಯಾ?' ಅಂದರು. ಸೋಫಾದ ತುದಿಯಲ್ಲಿ ನಲವತ್ತು ನಿಮಿಷ ಕುಳಿತಿದ್ದೆ. ಗೆಳೆಯನ ಜೊತೆ ಮಾತಾಡಿದ್ದು ಎರಡೇ ನಿಮಿಷ, ಅದೂ ಲಿಫ್ಟಿನ ಹತ್ತಿರ.

ತಿಪಟೂರಿನ ನಮ್ಮ ಹಳೇ ಮನೆಯಲ್ಲಾಗಿದ್ದರೆ ಹೀಗೆ ಬಂದವರಿಂದ ಯಾರಿಗೂ ಕಷ್ಟ ಆಗುತ್ತಿರಲಿಲ್ಲ. ಅಲ್ಲಿ ಜಗುಲಿ ಇತ್ತು. ಬಂದವರು ಜಗುಲಿ ಮೇಲೆ ಕೂತು ಅಜ್ಜನ ಜೊತೆ ಎಲೆ ಅಡಿಕೆ ಹಾಕುತ್ತಿದ್ದರೆ, ಒಳಗಿನವರಿಗೆ ಹಾಸಿಗೆ ಸುತ್ತಿಡಲು, ಸೆರಗು ಸರಿ ಮಾಡಿಕೊಳ್ಳಲು, ಡಬ್ಬಿಯಲ್ಲಿ ಚಕ್ಕುಲಿ ಉಳಿದಿದೆಯಾ ಅಂತ ನೋಡಲು ಹತ್ತು ನಿಮಿಷ ಸಿಗುತ್ತಿತ್ತು. ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಜಗುಲಿ ಇಲ್ಲ. ಬಾಗಿಲು ತೆಗೆದರೆ ಸೀದಾ ಸೋಫಾ, ಸೋಫಾದ ಮೇಲೆ ಒಣಗಿದ ಬಟ್ಟೆ. ಜಗುಲಿ ಮಾಡುತ್ತಿದ್ದ ಕೆಲಸವನ್ನು ಈಗ ಬರುವವರೇ ಮಾಡಬೇಕು. ಅದು ಹೇಗೆ ಅನ್ನುವುದನ್ನು, ನಾನು ಮಾಡಿದ ತಪ್ಪುಗಳನ್ನೂ ಸೇರಿಸಿಕೊಂಡು, ಹೊರಡುವುದರಿಂದ ಶುರು ಮಾಡಿ ಹೇಳುತ್ತೇನೆ.

1. ಹೊರಡುವ ಮೊದಲು

ಫೋನ್ ಮಾಡಿ ಹೋಗಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಏನು ಕೇಳಬೇಕು ಅನ್ನುವುದರಲ್ಲಿ ಎಡವುತ್ತೇವೆ. 'ಭಾನುವಾರ ಫ್ರೀ ಇದ್ದೀರಾ?' ಎಂದು ಕೇಳಬೇಡಿ. ಫ್ರೀ ಇದ್ದೀನಿ ಅಂದರೆ ಅವರು ಸಿಕ್ಕಿಬಿದ್ದ ಹಾಗೆ. ಇಲ್ಲ ಅಂದರೆ ಒರಟಾಗಿ ಕೇಳಿಸುತ್ತದೆ. ನಿಮ್ಮ ಉದ್ದೇಶವನ್ನು ಮೊದಲು ಹೇಳಿ, ಬೇಡ ಅನ್ನಲು ಅವರಿಗೆ ಒಂದು ದಾರಿ ಬಿಡಿ. ನಾನು ಈಗ ಕಳಿಸುವ ಮೆಸೇಜು ಹೀಗಿರುತ್ತದೆ:

'ಭಾನುವಾರ ಸಂಜೆ ನಾಲ್ಕೂವರೆಗೆ ನಾನು, ಇವಳು ಇಬ್ಬರೂ ನಿಮ್ಮನೆಗೆ ಬರೋಣ ಅಂತಿದ್ದೀವಿ. ಒಂದು ಗಂಟೆ ಇರ್ತೀವಿ, ಊಟಕ್ಕೆ ನಿಲ್ಲಲ್ಲ. ಅವತ್ತು ಆಗಲ್ಲ ಅಂದ್ರೆ ಮುಂದಿನ ವಾರ ನೋಡೋಣ, ಏನೂ ಅರ್ಜೆಂಟಿಲ್ಲ.'

ಇದರಲ್ಲಿ ದಿನ, ಹೊತ್ತು, ಎಷ್ಟು ಜನ, ಎಷ್ಟು ಹೊತ್ತು ಇರುತ್ತೀವಿ, ಊಟ ಇದೆಯಾ ಇಲ್ಲವಾ ಎಲ್ಲವೂ ಇದೆ. ಈ ಐದರಲ್ಲಿ ಒಂದು ಬಿಟ್ಟರೂ ಆ ಮನೆಯಲ್ಲಿ ಯಾರೋ ಒಬ್ಬರು, ಹೆಚ್ಚಾಗಿ ಹೆಂಗಸರು, ಲೆಕ್ಕ ಹಾಕುತ್ತಾ ಕೂರಬೇಕಾಗುತ್ತದೆ. ಅಕ್ಕಿ ಎಷ್ಟು ನೆನೆಸಲಿ? ಸಾರಿಗೆ ಬೇಳೆ ಇನ್ನೊಂದು ಹಿಡಿ ಹಾಕಲಾ?

ಇನ್ನು 'ಒಂದು ದಿನ ಮನೆಗೆ ಬನ್ನಿ' ಅನ್ನುವ ಮಾತು. ನಮ್ಮಲ್ಲಿ ಇದು ಹತ್ತರಲ್ಲಿ ಏಳು ಸಲ ನಮಸ್ಕಾರದ ಇನ್ನೊಂದು ರೂಪ, ಅಷ್ಟೇ. ಅದನ್ನೇ ಕರೆಯೋಲೆ ಅಂದುಕೊಂಡು ಹೊರಡಬೇಡಿ. ದಿನ ಹೇಳಿ ಕರೆದರೆ ಮಾತ್ರ ಕರೆದಂತೆ.

ಹೊತ್ತಿನ ವಿಷಯದಲ್ಲಿ ಆ ಮನೆಯ ದಿನಚರಿ ನೋಡಿ. ವಯಸ್ಸಾದವರಿದ್ದರೆ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬೇಡ. ಸಂಜೆ ಏಳರ ಮೇಲೆ ಧಾರಾವಾಹಿ ಶುರುವಾಗುತ್ತದೆ. ನಗಬೇಡಿ, ನಮ್ಮ ದೊಡ್ಡಮ್ಮನಿಗೆ ಆ ಹೊತ್ತಿನಲ್ಲಿ ಸ್ವಂತ ಮಗ ಬಂದರೂ ಅರ್ಧ ಗಮನ ಟೀವಿ ಕಡೆಗೇ. ಎಸ್ಎಸ್ಎಲ್‌ಸಿ, ಪಿಯುಸಿ ಮಕ್ಕಳಿರುವ ಮನೆಗೆ ಮಾರ್ಚ್ ತಿಂಗಳಲ್ಲಿ ಹೋಗಲೇಬೇಡಿ. ಪರೀಕ್ಷೆ ಮುಗಿಯಲಿ.

ಊಟಕ್ಕೆ ಹೋಗುವುದಾದರೆ ನಿಮಗೆ ಆಗದ್ದನ್ನು ಎರಡು ದಿನ ಮೊದಲೇ ಹೇಳಿ. ಶುಗರ್ ಇದೆ, ಈರುಳ್ಳಿ ಬೆಳ್ಳುಳ್ಳಿ ತಿನ್ನಲ್ಲ, ಶ್ರಾವಣದಲ್ಲಿ ಬಾಡೂಟ ಬಿಟ್ಟಿದ್ದೀವಿ, ಹೀಗೆ ಏನೇ ಇದ್ದರೂ. ಎಲೆ ಮುಂದೆ ಕೂತ ಮೇಲೆ 'ಅಯ್ಯೋ, ನಾನು ಇದು ತಿನ್ನಲ್ಲವಲ್ಲ' ಅಂದರೆ ಬಡಿಸುವವರ ಮುಖ ಹೇಗಾಗುತ್ತದೆ ಅಂತ ನಿಮಗೇ ಗೊತ್ತು.

ನೆಗಡಿ, ಜ್ವರ ಇದ್ದರೆ ಹೋಗಬೇಡಿ. 'ಸ್ವಲ್ಪ ಗಂಟಲು ಕೆರೆತ ಅಷ್ಟೇ' ಅನ್ನುವುದೂ ನೆಗಡಿಯೇ.

ದಾರಿಯಲ್ಲಿ ಸುಳ್ಳು ಹೇಳಬೇಡಿ. ಬೆಂಗಳೂರಿನವರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ. ಇನ್ನೂ ಮನೆಯಲ್ಲಿ ಸಾಕ್ಸ್ ಹುಡುಕುತ್ತಾ 'ಸಿಲ್ಕ್ ಬೋರ್ಡ್ ದಾಟಿದ್ವಿ' ಅನ್ನುವವರಿದ್ದಾರೆ. ಆ ಕಡೆ ಅವರು ಎಣ್ಣೆ ಕಾಯಲು ಇಟ್ಟಿರುತ್ತಾರೆ. ಹೊರಟ ಮೇಲೆ ಲೊಕೇಶನ್ ಕಳಿಸಿಬಿಡಿ, ಪೂರಿ ಯಾವಾಗ ಲಟ್ಟಿಸಬೇಕು ಅಂತ ಅವರೇ ನೋಡಿಕೊಳ್ಳುತ್ತಾರೆ.

2. ಕೈಯಲ್ಲಿ ಏನು?

ಮಕ್ಕಳು, ವಯಸ್ಸಾದವರು, ಬಸುರಿ ಹೆಂಗಸು ಇರುವ ಮನೆಗೆ ಬರಿಗೈಲಿ ಹೋಗಬಾರದು ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ನಾನು ಅದನ್ನು ಎಲ್ಲ ಮನೆಗೂ ಪಾಲಿಸುತ್ತೇನೆ. ದುಡ್ಡಿನ ಪ್ರಶ್ನೆ ಅಲ್ಲ. ಒಂದು ಚಿಪ್ಪು ಬಾಳೆಹಣ್ಣು, ಎರಡು ಮೊಳ ಮಲ್ಲಿಗೆ ಸಾಕು. ಊರಿಂದ ಬಂದವರು ಊರಿನದ್ದೇ ತಂದರೆ ಅದರ ತೂಕ ಬೇರೆ. ಧಾರವಾಡದ ಪೇಡೆ, ಬೆಳಗಾವಿ ಕುಂದಾ, ಗೋಕಾಕಿನ ಕರದಂಟು. ತಿಪಟೂರಿನವರಾದ ನಾವು ತೆಂಗಿನಕಾಯಿ ಹೊತ್ತುಕೊಂಡು ಹೋಗುತ್ತೇವೆ. ಈಗಿನ ಕಾಯಿ ರೇಟಿನಲ್ಲಿ ಅದಕ್ಕಿಂತ ಒಳ್ಳೇ ಉಡುಗೊರೆ ಇಲ್ಲ.

ಫ್ರಿಜ್ಜಿನಲ್ಲಿ ಇಡಲೇಬೇಕಾದ ದೊಡ್ಡ ಕೇಕು ಬೇಡ, ಅವರ ಫ್ರಿಜ್ಜಿನಲ್ಲಿ ಜಾಗ ಇರುವುದಿಲ್ಲ. ಶುಗರ್ ಇರುವವರ ಮನೆಗೆ ಒಂದು ಕೇಜಿ ಮೈಸೂರು ಪಾಕ್ ಒಯ್ಯುವುದು ಪ್ರೀತಿ ಅಲ್ಲ. ನಾಯಿಮರಿ, ಬೆಕ್ಕು, ಮೀನಿನ ತೊಟ್ಟಿ ಇಂಥವನ್ನು ಕೇಳದೆ ಯಾವ ಮಗುವಿಗೂ ಕೊಡಬೇಡಿ. ಇದನ್ನೂ ಬರೆಯಬೇಕಾ ಅನ್ನಬೇಡಿ. ನಮ್ಮ ಮನೆಗೆ ಒಬ್ಬರು ಎರಡು ಮೊಲ ತಂದಿದ್ದರು.

3. ಗೇಟಿನಿಂದ ಬಾಗಿಲವರೆಗೆ

ಗಾಡಿ ನಿಲ್ಲಿಸುವಾಗ ಪಕ್ಕದ ಮನೆಯ ಗೇಟಿಗೆ ಅಡ್ಡ ಹಾಕಬೇಡಿ. 'ಐದೇ ನಿಮಿಷ' ಅಂತ ನೀವು ಹೋಗಿಬಿಡುತ್ತೀರಿ, ಆಮೇಲೆ ಬೈಸಿಕೊಳ್ಳುವವರು ಆ ಮನೆಯವರು. ಅಪಾರ್ಟ್‌ಮೆಂಟ್ ಆದರೆ ಬಂದವರ ಗಾಡಿಗೆ ಜಾಗ ಎಲ್ಲಿ ಅಂತ ಮೊದಲೇ ಕೇಳಿಕೊಳ್ಳಿ.

ಗೇಟಿನಲ್ಲಿ ಸೆಕ್ಯೂರಿಟಿಯವರು ಹೆಸರು, ಫ್ಲ್ಯಾಟ್ ನಂಬರು, ಫೋನ್ ನಂಬರು ಕೇಳುತ್ತಾರೆ. ಆ್ಯಪಿನಲ್ಲಿ ಮನೆಯವರು ಒಪ್ಪಿದ ಮೇಲೇ ಬಿಡುತ್ತಾರೆ. ಅದು ಅವರ ಕೆಲಸ. 'ನಾನ್ಯಾರು ಗೊತ್ತಾ, ಅವರ ಚಿಕ್ಕಪ್ಪ' ಅಂತ ಅವರ ಮೇಲೆ ಹಾರಾಡಿದರೆ ಚಿಕ್ಕಪ್ಪನ ಮರ್ಯಾದೆ ಹೋಗುತ್ತದೆ ಅಷ್ಟೇ. 'ನೀನು, ಏಯ್, ಬಾ ಇಲ್ಲಿ' ಬೇಡ. ಅರವತ್ತು ದಾಟಿದವರು ಬಿಸಿಲಲ್ಲಿ ನಿಂತಿರುತ್ತಾರೆ, 'ನೀವು' ಅನ್ನಲು ನಮಗೇನು ಖರ್ಚು? ಕನ್ನಡ ಬರದ ಹುಡುಗನಾಗಿದ್ದರೆ ನಿಧಾನವಾಗಿ ಕನ್ನಡದಲ್ಲೇ ಹೇಳಿ, ನಂಬರು ಬರೆದು ತೋರಿಸಿ.

ಕಾಲಿಂಗ್ ಬೆಲ್ ಒಂದು ಸಲ ಒತ್ತಿ. ಅರ್ಧ ನಿಮಿಷ ಕಾಯಿರಿ. ಮೂರು ಸಲ ಒತ್ತಿದರೆ ಮಲಗಿರುವ ಮಗು ಏಳುತ್ತದೆ, ಬಾಗಿಲು ಬೇಗ ತೆರೆಯುವುದಿಲ್ಲ. ಬಾಗಿಲು ತೆರೆದ ಕೂಡಲೇ ಅವರ ಭುಜದ ಮೇಲಿಂದ ಒಳಗೆ ಇಣುಕಬೇಡಿ. ಚಪ್ಪಲಿ ಬಿಡುತ್ತಾ ಒಂದು ನಿಮಿಷ ಹೊರಗೇ ತಡೆಯಿರಿ. ಇದೇ ಈಗಿನ ಜಗುಲಿ. ಆ ಒಂದು ನಿಮಿಷದಲ್ಲಿ ಸೋಫಾದ ಮೇಲಿನ ಬಟ್ಟೆ ರೂಮಿನೊಳಗೆ ಹೋಗಿರುತ್ತದೆ.

4. ಕಾಫಿ

ಕಾಫಿಗೆ ಒಂದು ಬೇರೆ ಭಾಗವೇ ಬೇಕು. ಯಾಕೆಂದರೆ ಅರ್ಧ ಗೊಂದಲ ಇಲ್ಲೇ ಆಗುವುದು.

ಊರು ಬದಲಾದಂತೆ ಪದ್ಧತಿ ಬದಲಾಗುತ್ತದೆ. ಮಲೆನಾಡು, ದಕ್ಷಿಣ ಕನ್ನಡದ ಕಡೆಯ ಹಳೇ ಮನೆಗಳಲ್ಲಿ ಮೊದಲು ಬರುವುದು ನೀರು ಮತ್ತು ಬೆಲ್ಲ. ಅದನ್ನು ಬೇಡ ಅನ್ನಬಾರದು, ಒಂದು ಚೂರಾದರೂ ಬಾಯಿಗೆ ಹಾಕಿಕೊಳ್ಳಿ. ಉತ್ತರ ಕರ್ನಾಟಕದಲ್ಲಿ 'ಬರ್ರಿ, ಕೂಡ್ರಿ' ಅನ್ನುವಷ್ಟರಲ್ಲಿ ಚಹಾ ಒಲೆ ಮೇಲೆ ಇರುತ್ತದೆ, ಜೊತೆಗೆ ಚುರುಮುರಿಯೋ ಅವಲಕ್ಕಿಯೋ ಬರುತ್ತದೆ. ನಮ್ಮ ಕಡೆ 'ಕಾಫೀನಾ, ಟೀನಾ?' ಅನ್ನುತ್ತಾರೆ, ಆಗ ಒಂದು ಆಟ ಶುರುವಾಗುತ್ತದೆ.

ಬಂದವರು: 'ಏನೂ ಬೇಡ, ಈಗ ಕುಡಿದೇ ಬಂದ್ವಿ.'

ಮನೆಯವರು: 'ಅದು ಹೇಗಾಗತ್ತೆ, ಸ್ವಲ್ಪ ತಗೊಳ್ಳಿ.'

ಬಂದವರು: 'ನಿಜವಾಗ್ಲೂ ಬೇಡ.'

ಮನೆಯವರು: 'ಅರ್ಧ ಲೋಟ?'

ಬಂದವರು: 'ಸರಿ, ಅರ್ಧ ಸಾಕು.'

ಬರುವುದು ಮುಕ್ಕಾಲು ಲೋಟ. ನಮ್ಮಲ್ಲಿ ಮೊದಲ 'ಬೇಡ' ಅಂದರೆ ಸಂಕೋಚ, ಎರಡನೆಯದು ಮರ್ಯಾದೆ, ಮೂರನೆಯದು ಮಾತ್ರ ನಿಜ. ಇದು ಎರಡು ಕಡೆಯವರಿಗೂ ಗೊತ್ತಿದ್ದ ಕಾಲದಲ್ಲಿ ಚೆನ್ನಾಗಿಯೇ ನಡೆಯುತ್ತಿತ್ತು. ಈಗ ಅಸಿಡಿಟಿ ಇರುವವರು ಮೊದಲ ಸಲಕ್ಕೇ ನಿಜ ಹೇಳುತ್ತಾರೆ, ಕೇಳುವವರು ಅದನ್ನು ಸಂಕೋಚ ಅಂದುಕೊಳ್ಳುತ್ತಾರೆ.

ನನ್ನ ಸಲಹೆ ಇಷ್ಟೇ. ಬೇಕಿದ್ದರೆ ಮೊದಲ ಸಲವೇ 'ಹೂಂ, ಕುಡಿಯೋಣ, ಸಕ್ಕರೆ ಕಮ್ಮಿ' ಅನ್ನಿ. ಬೇಡವಾದರೆ ಕಾರಣದ ಜೊತೆ ಹೇಳಿ, ಬದಲಿಗೆ ಏನಾದರೂ ಕೇಳಿ: 'ಸಂಜೆ ಕಾಫಿ ಕುಡಿದ್ರೆ ನಿದ್ದೆ ಬರಲ್ಲ, ಒಂದು ಲೋಟ ಮಜ್ಜಿಗೆ ಕೊಡಿ.' ಕೊಡುವವರಿಗೆ ಬೇಕಾಗಿರುವುದು ಏನಾದರೊಂದು ಕೊಟ್ಟ ಸಮಾಧಾನ. ನೀರನ್ನಾದರೂ ಕೇಳಿ ಕುಡಿಯಿರಿ. ಏನನ್ನೂ ಮುಟ್ಟದೆ ಎದ್ದು ಬಂದರೆ, ಆ ಮನೆಯವರು ರಾತ್ರಿ 'ಯಾಕೋ ಏನೂ ತಗೊಳ್ಲಿಲ್ಲ, ಬೇಜಾರಾಯ್ತೇನೋ' ಅಂತ ಮಾತಾಡಿಕೊಳ್ಳುತ್ತಾರೆ. ಗೆಳೆಯನ ತಾಯಿ ಹಾಗೆ ಎದ್ದು ಹೋದಾಗ ನಾನು ಅವರ ಹಿಂದೆಯೇ ಅಡುಗೆಮನೆಗೆ ಹೋಗಿ 'ಕೂತ್ಕೊಳ್ಳಿ ಅಮ್ಮ, ಡಿಕಾಕ್ಷನ್ ಎಲ್ಲಿದೆ ಹೇಳಿ, ನಾನೇ ಬೆರೆಸ್ತೀನಿ' ಅನ್ನಬೇಕಿತ್ತು. ಹೊಳೆಯಲೇ ಇಲ್ಲ.

ಒತ್ತಾಯ ಮಾಡುವವರಿಗೂ ಒಂದು ಮಾತು. ಎರಡು ಸಲ ಕೇಳಿ, ಸಾಕು. ಎಲೆಗೆ ಅಡ್ಡ ಕೈ ಹಿಡಿದವರ ಬೆರಳಿನ ಸಂದಿಯಲ್ಲಿ ಹೋಳಿಗೆ ಜಾರಿಸುವುದನ್ನು ಬಿಟ್ಟುಬಿಡಿ.

ಲೋಟದ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಮನೆಗೆಲಸಕ್ಕೆ ಬರುವವರಿಗೆ, ಡ್ರೈವರಿಗೆ ಬೇರೆ ಲೋಟ, ಬೇರೆ ತಟ್ಟೆ ಇಟ್ಟಿರುವ ಮನೆಗಳು ಇನ್ನೂ ಇವೆ. ಬಂದವರಿಗೆ ಬೆಳ್ಳಿ ಲೋಟ ಕೊಟ್ಟು ಎಷ್ಟೇ ಉಪಚಾರ ಮಾಡಿದರೂ ಆ ಮನೆಗೆ ಮರ್ಯಾದೆ ಗೊತ್ತಿದೆ ಅಂತ ನಾನು ಒಪ್ಪುವುದಿಲ್ಲ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿ ಇಷ್ಟು ವರ್ಷವಾದರೂ ಅಡುಗೆಮನೆಯ ಆ ಮೂಲೆ ಹಾಗೇ ಉಳಿದಿದೆ. ನಿಮ್ಮ ಜೊತೆ ಡ್ರೈವರ್ ಬಂದಿದ್ದರೆ 'ಅವರಿಗೂ ಕಾಫಿ ಕೊಡ್ತೀರಾ, ನಾನೇ ಒಯ್ದು ಕೊಡ್ತೀನಿ' ಅಂತ ಕೇಳಿ.

5. ಕೂತ ಮೇಲೆ

ಫೋನನ್ನು ಜೇಬಿನಲ್ಲಿಡಿ. ಅರ್ಜೆಂಟ್ ಕರೆ ಬರುವುದಿದ್ದರೆ ಮೊದಲೇ ಹೇಳಿ, ಬಂದಾಗ ಎದ್ದು ಬಾಲ್ಕನಿಗೆ ಹೋಗಿ. ಸೌಂಡ್ ಜೋರಾಗಿ ಇಟ್ಟು ರೀಲ್ಸ್ ನೋಡುವುದು ಬೇಡ, ಅದನ್ನು ಅವರಿಗೆ ತೋರಿಸುವುದೂ ಬೇಡ. ವೈಫೈ ಪಾಸ್‌ವರ್ಡ್ ಕೇಳುವುದು ತಪ್ಪಲ್ಲ, ಆದರೆ ಕೂತ ಕೂಡಲೇ ಕೇಳುವ ಮೊದಲ ಪ್ರಶ್ನೆ ಅದಾಗಬಾರದು.

ಮನೆ ನೋಡಲು ಅವರೇ ಕರೆದರೆ ಹೋಗಿ. ಮುಚ್ಚಿದ ಬಾಗಿಲು ಮುಚ್ಚಿಯೇ ಇರಲಿ. ಕಪಾಟು, ಫ್ರಿಜ್ಜು, ಔಷಧಿ ಡಬ್ಬಿ ಇವಕ್ಕೆ ಕೈ ಹಾಕಬೇಡಿ. ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕುವ ಮೊದಲು ಕೇಳಿ. ಮಕ್ಕಳ ಫೋಟೋ ಆದರೆ ಕಡ್ಡಾಯವಾಗಿ. ಅವರ ಮನೆಗೆ ನೀವು ಹೋಗಿದ್ದು, 'ನಮ್ಮನ್ಯಾಕೆ ಕರೀಲಿಲ್ಲ' ಅನ್ನುವ ಇನ್ನೊಬ್ಬ ನೆಂಟರಿಗೆ ಗೊತ್ತಾಗುವುದು ಅವರಿಗೆ ಬೇಕಿಲ್ಲದಿರಬಹುದು.

ಮಾತಿಗೆ ಬರೋಣ. ನಮ್ಮ ಹಿರಿಯರ ಪ್ರಶ್ನೆಗಳಲ್ಲಿ ಒಂದಷ್ಟನ್ನು ಮೆಲ್ಲಗೆ ರಿಟೈರ್ ಮಾಡಬೇಕು. ಸಂಬಳ ಎಷ್ಟು, ಬಾಡಿಗೆ ಎಷ್ಟು, ಈ ಫ್ಲ್ಯಾಟ್ ಎಷ್ಟಕ್ಕೆ ಬಿತ್ತು. 'ಏನಾದ್ರೂ ವಿಶೇಷ ಇದೆಯಾ?' ಅಂತ ಮದುವೆಯಾಗಿ ಎರಡು ವರ್ಷ ಆದವಳನ್ನು ಕೇಳುವುದು. ಆಸ್ಪತ್ರೆಗೆ ಓಡಾಡಿ ಸೋತಿರುವ ಹುಡುಗಿಗೆ ಆ ಪ್ರಶ್ನೆ ಹೇಗೆ ಚುಚ್ಚುತ್ತದೆ ಅಂತ ಕೇಳುವವರಿಗೆ ಗೊತ್ತಿರುವುದಿಲ್ಲ. 'ದಪ್ಪ ಆಗಿದ್ದೀಯ', 'ಕಪ್ಪಾಗಿದ್ದೀಯ', 'ಇನ್ನೂ ಮದುವೆ ಇಲ್ವಾ'. ಮತ್ತೆ, ಸುತ್ತಿ ಬಳಸಿ ಜಾತಿ ಕೇಳುವುದು: 'ನೀವು ಯಾವ ಪೈಕಿ?', 'ನಿಮ್ಮ ಮನೆದೇವರು ಯಾವುದು?'

ಇವೆಲ್ಲ ಬಿಟ್ಟರೆ ಮಾತಾಡುವುದಾದರೂ ಏನು ಅಂತ ನಮ್ಮ ಮಾವ ಒಮ್ಮೆ ನಿಜವಾಗಿಯೂ ಬೇಸರದಿಂದ ಕೇಳಿದರು. ಗಿಡ ಇದ್ದರೆ ಗಿಡದ ಬಗ್ಗೆ ಕೇಳಿ. ಗೋಡೆ ಮೇಲಿನ ಹಳೇ ಫೋಟೋದಲ್ಲಿ ಯಾರು ಯಾರು ಅಂತ ಕೇಳಿ. ಉಪ್ಪಿನಕಾಯಿ ಯಾರು ಹಾಕಿದ್ದು ಅಂತ ಕೇಳಿ, ಅರ್ಧ ಗಂಟೆ ಅಲ್ಲೇ ಹೋಗುತ್ತದೆ.

ಊಟ ಆದ ಮೇಲೆ ತಟ್ಟೆ ಎತ್ತುವ ವಿಷಯ. ಬಂದವರು ತಟ್ಟೆ ಎತ್ತಿದರೆ ಕೆಲವು ಮನೆಗಳಲ್ಲಿ ಹಿರಿಯರಿಗೆ ಅವಮಾನ ಆದಂತೆ. 'ಎಲ್ಲಿ ಇಡಲಿ?' ಅಂತ ತಟ್ಟೆ ಕೈಲಿ ಹಿಡಿದು ಒಂದು ಸಲ ಕೇಳಿ. ಬೇಡ ಬೇಡ ಅಂತ ಜೋರಾಗಿ ಅಂದರೆ ಬಿಡಿ. ಗಂಡಸರೂ ಕೇಳಬೇಕು ಅನ್ನುವುದನ್ನು ಮಾತ್ರ ಒತ್ತಿ ಹೇಳುತ್ತೇನೆ.

6. ರಾತ್ರಿ ಉಳಿಯುವುದಾದರೆ

ಟವೆಲ್, ಬ್ರಷ್ಷು, ಮಾತ್ರೆ ನಿಮ್ಮದೇ ಒಯ್ಯಿರಿ. ನೀರು ಹೇಗೆ ಬರುತ್ತದೆ ಅಂತ ಕೇಳಿಕೊಳ್ಳಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಜಲಮಂಡಳಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಆದೇಶ ಮಾಡಿತ್ತು. ಅಂಥ ಊರಿನಲ್ಲಿ, ಟ್ಯಾಂಕರ್ ನೀರು ಹಾಕಿಸಿಕೊಳ್ಳುವ ಮನೆಯಲ್ಲಿ ಅರ್ಧ ಗಂಟೆ ಶವರ್ ಕೆಳಗೆ ನಿಲ್ಲಬೇಡಿ. ಬಕೆಟ್ಟಿನಲ್ಲಿ ಸ್ನಾನ ಮಾಡಿ. ಬಚ್ಚಲಿನ ನೆಲದ ಮೇಲಿನ ನೀರು ತಳ್ಳಿ, ಕೂದಲು ತೆಗೆದು ಹೊರಗೆ ಬನ್ನಿ. ಬೆಳಿಗ್ಗೆ ಹಾಸಿಗೆ ಮಡಿಸಿ. ಅವರು ಆಫೀಸಿಗೆ, ಸ್ಕೂಲಿಗೆ ಹೊರಡುವ ಹೊತ್ತಿನಲ್ಲಿ ಬಾತ್‌ರೂಮನ್ನು ಅವರಿಗೆ ಬಿಟ್ಟುಕೊಡಿ. ಎಷ್ಟು ದಿನ ಅಂತ ಬರುವ ಮೊದಲೇ ಹೇಳಿ, ಹೇಳಿದ ದಿನ ಹೊರಡಿ.

7. ಮೂರು ಮನೆಗಳಿಗೆ ಬೇರೆ ನಿಯಮ

ಬಾಣಂತಿ ಮನೆ. ಮೊದಲ ವಾರಗಳಲ್ಲಿ ನೋಡಲು ಓಡಬೇಡಿ, ಅವರು ಕರೆದಾಗ ಹೋಗಿ. ಸೋಪು ಹಾಕಿ ಕೈ ತೊಳೆದು ಆಮೇಲೆ ಮಗುವಿನ ಹತ್ತಿರ ಹೋಗಿ. ಮುತ್ತು ಕೊಡಬೇಡಿ. ಕೊಟ್ಟರೆ ಮಾತ್ರ ಎತ್ತಿಕೊಳ್ಳಿ. ಮೊದಲ 6 ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ ಅಂತಲೇ ವೈದ್ಯರು ಹೇಳುವುದು, ಹಾಗಾಗಿ ಸಕ್ಕರೆ ನೀರು, ಬೆಣ್ಣೆ ಯಾವುದನ್ನೂ ನೆಕ್ಕಿಸಬೇಡಿ. ಜೇನುತುಪ್ಪವನ್ನಂತೂ ಒಂದು ವರ್ಷ ತುಂಬುವವರೆಗೆ ಮುಟ್ಟಿಸಲೇಬಾರದು. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಎಳೇ ಮಗುವಿನ ಕರುಳಿನಲ್ಲಿ ವಿಷ ಮಾಡಬಲ್ಲದು. ಬಾಣಂತಿಗೆ 'ಹಾಲು ಸಾಲ್ತಿದೆಯಾ?' ಅಂತ ಕೇಳಬೇಡಿ. ಬಾಣಂತನ ಮಾಡುತ್ತಿರುವ ಅವಳ ತಾಯಿಗೆ 'ನೀವು ನಿದ್ದೆ ಮಾಡಿದ್ರಾ?' ಅಂತ ಕೇಳಿ. ಅವರನ್ನು ಯಾರೂ ಕೇಳಿರುವುದಿಲ್ಲ.

ಕಾಯಿಲೆಯವರ ಮನೆ. ಹದಿನೈದು ನಿಮಿಷ ಸಾಕು. ಇದೇ ಕಾಯಿಲೆ ಬಂದು ತೀರಿಹೋದ ನಿಮ್ಮ ನೆಂಟರ ಕಥೆ ಬೇಡ. ಡಾಕ್ಟರು ಬದಲಾಯಿಸಿ, ಈ ಕಷಾಯ ಕುಡೀರಿ ಅನ್ನುವುದೂ ಬೇಡ. 'ನಾಳೆ ಡಯಾಲಿಸಿಸ್‌ಗೆ ನಾನು ಕರ್ಕೊಂಡು ಹೋಗ್ಲಾ?' ಅನ್ನಬಹುದು, ನಿಜವಾಗಿಯೂ ಕರೆದುಕೊಂಡು ಹೋಗುವ ಹಾಗಿದ್ದರೆ.

ಸಾವಿನ ಮನೆ. ಇಲ್ಲಿ ಫೋನ್ ಮಾಡಿ ಕೇಳಬೇಕಿಲ್ಲ, ಹೋಗಬೇಕು. ಚಪ್ಪಲಿ ಬಿಟ್ಟು, ಫೋನ್ ಸೈಲೆಂಟ್ ಮಾಡಿ, ಹತ್ತಿರ ಕೂತುಕೊಳ್ಳಿ. 'ಹೇಗಾಯ್ತು, ಎಷ್ಟೊತ್ತಿಗೆ ಆಯ್ತು?' ಅಂತ ಬಂದವರೆಲ್ಲ ಕೇಳುತ್ತಾರೆ, ಆ ಕಥೆಯನ್ನು ಆ ಮನೆಯವರು ಅಂದು ಐವತ್ತು ಸಲ ಹೇಳಿರುತ್ತಾರೆ. ನೀವು ಕೇಳಬೇಡಿ. ಏನು ಹೇಳಬೇಕು ಅಂತ ತೋಚದಿದ್ದರೆ ಏನೂ ಹೇಳದಿದ್ದರೂ ಆದೀತು. ಒಲೆ ಹಚ್ಚದ ಮನೆಗೆ ಅಕ್ಕಪಕ್ಕದವರು ಊಟ ತಂದುಕೊಡುವುದು ನಮ್ಮಲ್ಲಿ ಹಿಂದಿನಿಂದ ಬಂದಿದೆ. ಅಪಾರ್ಟ್‌ಮೆಂಟಿಗೆ ಬಂದ ಮೇಲೂ ಅದನ್ನು ಬಿಡಬೇಡಿ. ಉಪ್ಪಿಟ್ಟು, ಅನ್ನ ಸಾರು, ಮಕ್ಕಳಿಗೆ ಹಾಲು. ಹೊರಡುವಾಗ 'ಹೋಗಿ ಬರ್ತೀನಿ' ಅನ್ನುವ ಹಾಗಿಲ್ಲ. ಸುಮ್ಮನೆ ಎದ್ದು ಬರಬೇಕು. ಇನ್ನೊಬ್ಬರ ಮನೆಗೆ ಅಲ್ಲಿಂದಲೇ ಹೋಗುವುದೂ ಬೇಡ. ಸ್ನಾನ, ಮಡಿ ನಂಬದವರು ಇರಬಹುದು, ಆದರೆ ನೀವು ಹೋಗುವ ಮನೆಯವರು ನಂಬಬಹುದಲ್ವಾ.

8. ಹೊರಡುವುದು

ಒಂದು ಗಂಟೆ ಅಂದಿದ್ದರೆ ಒಂದು ಗಂಟೆಗೆ ಏಳಿ. 'ಇಷ್ಟು ಬೇಗಾನಾ?' ಅಂದೇ ಅನ್ನುತ್ತಾರೆ. ಅಂಥ ಮಾತು ಬರುವಾಗಲೇ ಹೊರಟುಬಿಡುವುದು ಒಳ್ಳೆಯದು. ಮಾತು ನಿಂತು, ಮನೆಯವರು ಗಡಿಯಾರ ನೋಡಿ, 'ಮತ್ತೆ...' ಅಂದು ಸುಮ್ಮನಾದರೆ ನೀವು ತಡ ಮಾಡಿದ್ದೀರಿ.

ಅರಿಶಿನ ಕುಂಕುಮ ಕೊಡುತ್ತಾರೆ, ಎರಡು ನಿಮಿಷ ನಿಲ್ಲಿ. ಕೊಡುವವರಿಗೆ ನನ್ನದೊಂದು ಕೋರಿಕೆ ಇದೆ. ಗಂಡ ಇಲ್ಲದ ಹೆಂಗಸು ಬಂದಿದ್ದರೆ ತಟ್ಟೆಯನ್ನು ಅವರನ್ನು ದಾಟಿಸಿಕೊಂಡು ಪಕ್ಕದವರ ಮುಂದೆ ಹಿಡಿಯಬೇಡಿ. ನಮ್ಮ ಸೋದರತ್ತೆ ಅಂಥ ಹೊತ್ತಿನಲ್ಲಿ ಪರ್ಸಿನಲ್ಲಿ ಏನೋ ಹುಡುಕುವ ಹಾಗೆ ತಲೆ ತಗ್ಗಿಸುತ್ತಿದ್ದರು. ಈಗ ನಮ್ಮ ಮನೆಯಲ್ಲಿ ಎಲ್ಲರಿಗೂ ಕೊಡುತ್ತೇವೆ. ಬೇಡ ಅನ್ನುವವರು ಅವರೇ ಬೇಡ ಅನ್ನಲಿ.

ಎದ್ದ ಮೇಲೆ ನಮ್ಮವರ ನಿಜವಾದ ಮಾತು ಶುರುವಾಗುವುದು ಬಾಗಿಲಲ್ಲಿ. ಅರ್ಧ ಗಂಟೆ ಸೋಫಾದಲ್ಲಿ ಹೇಳದ್ದನ್ನು ಚಪ್ಪಲಿ ಹಾಕಿಕೊಳ್ಳುತ್ತಾ ಹೇಳುತ್ತೇವೆ. ಜಗಳ, ಜಮೀನು, ಮಗಳ ಸಂಬಂಧ ಎಲ್ಲಾ ಅಲ್ಲೇ. ಸ್ವಂತ ಮನೆ ಆದರೆ ಗೇಟಿನ ಹತ್ತಿರ ಎಷ್ಟು ಬೇಕಾದರೂ ನಿಲ್ಲಿ, ನನಗೂ ಅದು ಇಷ್ಟ. ಅಪಾರ್ಟ್‌ಮೆಂಟಿನಲ್ಲಿ ಮಾತ್ರ ಲಿಫ್ಟಿನ ಬಾಗಿಲಿಗೆ ಕಾಲು ಅಡ್ಡ ಇಟ್ಟು ಮಾತಾಡಬೇಡಿ. ಮೇಲಿನ ಮಹಡಿಯಲ್ಲಿ ಯಾರೋ ತರಕಾರಿ ಚೀಲ ಹಿಡಿದು ನಿಂತಿರುತ್ತಾರೆ. ಎದುರು ಮನೆಯವರಿಗೆ ಜಮೀನಿನ ಕಥೆ ಪೂರ್ತಿ ಕೇಳಿಸಿರುತ್ತದೆ.

ಮನೆ ಮುಟ್ಟಿದ ಮೇಲೆ 'ತಲುಪಿದ್ವಿ' ಅಂತ ಒಂದು ಮೆಸೇಜು. ವಯಸ್ಸಾದವರಾದರೆ ಫೋನೇ ಮಾಡಿ, ಅವರು ಅದಕ್ಕೆ ಕಾದು ಎದ್ದಿರುತ್ತಾರೆ.

ಹೊರಡುವಾಗ ಡಬ್ಬಿಯಲ್ಲಿ ಏನಾದರೂ ಹಾಕಿ ಕೊಟ್ಟಿದ್ದರೆ ಆ ಡಬ್ಬಿಯನ್ನು ಖಾಲಿ ವಾಪಸ್ ಕೊಡಬಾರದು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ ಹಾಕಿ ಕೊಡಿ, ಎರಡು ನಿಂಬೆಹಣ್ಣಾದರೂ ಆದೀತು. ಗೌರಿ ಹಬ್ಬಕ್ಕೆ ಗೆಳೆಯನ ತಾಯಿ ಕೊಟ್ಟ ಕಡುಬಿನ ಸ್ಟೀಲ್ ಡಬ್ಬಿ ನಮ್ಮ ಕಪಾಟಿನಲ್ಲಿ ಇನ್ನೂ ಇದೆ. ಮುಚ್ಚಳದ ಮೇಲೆ ಅವರ ಹೆಸರು ಚುಕ್ಕಿ ಚುಕ್ಕಿಯಾಗಿ ಕೆತ್ತಿಸಿದ್ದಾರೆ, ಬಾಗಿಲು ತೆಗೆದಾಗಲೆಲ್ಲ ಕಾಣುತ್ತದೆ. ಈ ಭಾನುವಾರ ನಾಲ್ಕೂವರೆಗೆ ಬರಲಾ ಅಂತ ನಿನ್ನೆ ಮೆಸೇಜು ಹಾಕಿದ್ದೇನೆ. 'ಬಾ, ಆದ್ರೆ ಕಾಫಿ ನೀನೇ ಮಾಡ್ಬೇಕಂತೆ, ಅಮ್ಮ ಹೇಳ್ತಿದ್ದಾರೆ' ಅಂತ ಗೆಳೆಯ ಉತ್ತರ ಕೊಟ್ಟಿದ್ದಾನೆ.